ಯಾರಿಗೆ ಮೊದಲು ಎಂದು ಜನರನ್ನು ಕೇಳುವ ಬಗೆ

ಕರುಳಿನ ಕ್ಯಾನ್ಸರನ್ನು ಮುಂಚಿತವಾಗಿ ಪತ್ತೆ ಹಚ್ಚುವ ಎರಡು ಪರೀಕ್ಷೆಗಳಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು ಅಗ್ಗವಾದದ್ದು. ಇರುವ ಹಣದಲ್ಲಿ ಅದನ್ನು ಎಲ್ಲರಿಗೂ ಮಾಡಿಸಬಹುದು ಮತ್ತು ಅದರಿಂದ 1,000 ಜೀವಗಳು ಉಳಿಯುತ್ತವೆ. ಎರಡನೆಯದು ಹೆಚ್ಚು ಪರಿಣಾಮಕಾರಿ, ಆದರೆ ದುಬಾರಿ. ಅಷ್ಟೇ ಹಣದಲ್ಲಿ ಅದು ಅರ್ಧದಷ್ಟು ಜನರಿಗೆ ಮಾತ್ರ ಸಿಗುತ್ತದೆ, ಆದರೂ 1,100 ಜೀವಗಳು ಉಳಿಯುತ್ತವೆ. ಯಾವುದನ್ನು ಆರಿಸಬೇಕು?

ಅಮೆರಿಕದ ವೈದ್ಯ ಪೀಟರ್ ಯೂಬೆಲ್ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯನ್ನು ಮೂರು ಬಗೆಯ ಜನರ ಮುಂದಿಟ್ಟು, ಬಂದ ಉತ್ತರಗಳನ್ನು 1996ರಲ್ಲಿ ಪ್ರಕಟಿಸಿದರು. ನ್ಯಾಯಾಲಯಕ್ಕೆ ಜ್ಯೂರಿ ಕರ್ತವ್ಯಕ್ಕೆ (ತೀರ್ಪು ಕೊಡುವ ನಾಗರಿಕರ ಮಂಡಳಿಗೆ) ಕರೆಸಿಕೊಂಡಿದ್ದ ಸಾಮಾನ್ಯ ನಾಗರಿಕರಲ್ಲಿ ಶೇ. 56ರಷ್ಟು, ವೈದ್ಯಕೀಯ ನೀತಿಶಾಸ್ತ್ರಜ್ಞರಲ್ಲಿ ಶೇ. 53ರಷ್ಟು ಮಂದಿ ಎಲ್ಲರಿಗೂ ಸಿಗುವ ಪರೀಕ್ಷೆಯನ್ನೇ ಆರಿಸಿದರು. ವೈದ್ಯಕೀಯ ನಿರ್ಧಾರಗಳ ಲೆಕ್ಕಾಚಾರವನ್ನೇ ವೃತ್ತಿಯಾಗಿಸಿಕೊಂಡ ಪರಿಣತರಲ್ಲೂ ಶೇ. 41ರಷ್ಟು ಮಂದಿಯ ಆಯ್ಕೆ ಅದೇ ಆಗಿತ್ತು. ಲೆಕ್ಕದ ಪ್ರಕಾರ ಇವರೆಲ್ಲ 100 ಜೀವಗಳನ್ನು ಬಿಟ್ಟುಕೊಟ್ಟಂತಾಯಿತು. ಆದರೆ ಈ ಪ್ರಶ್ನೆಯನ್ನು ಪರಿಚಿತರ ಮುಂದಿಟ್ಟಾಗಲೆಲ್ಲ ನಾನು ಗಮನಿಸಿರುವುದೇನೆಂದರೆ, ಉತ್ತರಕ್ಕಿಂತ ಮೊದಲು ಅವರಿಂದ ಒಂದು ಮರುಪ್ರಶ್ನೆ ಬರುತ್ತದೆ: "ಉಳಿದ ಅರ್ಧ ಜನರಿಗೆ ಏನೆಂದು ಹೇಳುತ್ತೀರಿ?" ಆ ಮರುಪ್ರಶ್ನೆಗೆ ಸಮೀಕ್ಷೆಯ ನಮೂನೆಯಲ್ಲಿ ಜಾಗವಿರುವುದಿಲ್ಲ. ಆರೋಗ್ಯ ಸೇವೆಯಲ್ಲಿ ಆದ್ಯತೆಗಳನ್ನು ನಿಗದಿ ಮಾಡುವಾಗ ಜನಾಭಿಪ್ರಾಯಕ್ಕೆ ಯಾವ ಸ್ಥಾನ ಕೊಡಬೇಕು ಎಂಬ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇಂಥ ಮರುಪ್ರಶ್ನೆಗಳೇ. ಜನರ ಮೊದಲ ಉತ್ತರವನ್ನು ಎಣಿಸಿ ಅದನ್ನೇ ನೀತಿಯೆಂದು ಕರೆಯುವುದು ಎಷ್ಟು ತಪ್ಪೋ, ಜನರಿಗೆ ಏನು ಗೊತ್ತು ಎಂದು ತಜ್ಞರ ಲೆಕ್ಕಕ್ಕೆ ಎಲ್ಲವನ್ನೂ ಒಪ್ಪಿಸಿಬಿಡುವುದೂ ಅಷ್ಟೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳಬೇಕಾದದ್ದು ಅವರ ಕಾರಣಗಳನ್ನು. ಅದಕ್ಕೆ ಸಮಯ ಬೇಕು, ಮಾಹಿತಿ ಬೇಕು, ಎದುರು ಕುಳಿತು ಒಪ್ಪದಿರುವ ಇನ್ನೊಬ್ಬರು ಬೇಕು.

ಆದ್ಯತೆ ಎಂಬ ಮಾತನ್ನೇ ಇಷ್ಟಪಡದವರು ಬಹಳ ಮಂದಿ ಇದ್ದಾರೆ. ಜೀವಕ್ಕೆ ಬೆಲೆ ಕಟ್ಟಬಾರದು, ಬೇಕಾದವರಿಗೆಲ್ಲ ಚಿಕಿತ್ಸೆ ಕೊಡಬೇಕು ಎನ್ನುತ್ತಾರೆ. ಆ ಮಾತಿನ ಹಿಂದಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಯಾವ ದೇಶದ ಬೊಕ್ಕಸವೂ ಎಲ್ಲ ರೋಗಗಳ ಎಲ್ಲ ಚಿಕಿತ್ಸೆಗಳನ್ನು ಎಲ್ಲರಿಗೂ ತಕ್ಷಣ ಒದಗಿಸುವಷ್ಟು ದೊಡ್ಡದಲ್ಲ. ಬಹಿರಂಗವಾಗಿ ಆರಿಸದಿದ್ದರೆ ಆಯ್ಕೆ ನಿಲ್ಲುವುದಿಲ್ಲ, ಅದು ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಉದ್ದನೆಯ ಕಾಯುವ ಪಟ್ಟಿ, ದೂರದ ಆಸ್ಪತ್ರೆ, ಕೈಯಿಂದ ಭರಿಸಲಾಗದ ಶುಲ್ಕ, ಶಿಫಾರಸು ಉಳ್ಳವರಿಗೆ ಬೇಗ ತೆರೆಯುವ ಬಾಗಿಲು, ಇವೆಲ್ಲವೂ ಆದ್ಯತೆಯ ನಿರ್ಧಾರಗಳೇ. ಅವುಗಳಿಗೆ ಯಾರೂ ಕಾರಣ ಹೇಳಬೇಕಾಗಿಲ್ಲ ಎಂಬುದಷ್ಟೇ ವ್ಯತ್ಯಾಸ.

ಸಾಮಾನ್ಯ ಜನರ ಕೈಗೆ ಈ ಅಧಿಕಾರವನ್ನು ನೇರವಾಗಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸಿಯಾಟಲ್ ನಗರದ ಉದಾಹರಣೆ ಪ್ರಸಿದ್ಧವಾದದ್ದು. 1960ರಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ರೋಗಿಯ ತೋಳಿನ ರಕ್ತನಾಳಗಳಿಗೆ ಶಾಶ್ವತವಾಗಿ ಜೋಡಿಸಬಹುದಾದ ಟೆಫ್ಲಾನ್ ಕೊಳವೆಯೊಂದನ್ನು ಬಳಕೆಗೆ ತಂದರು. ಅಲ್ಲಿಯವರೆಗೆ ಕೆಲವು ಬಾರಿ ಮಾತ್ರ ಮಾಡಲು ಸಾಧ್ಯವಿದ್ದ ಡಯಾಲಿಸಿಸನ್ನು ವರ್ಷಗಟ್ಟಲೆ ಮುಂದುವರಿಸುವುದು ಇದರಿಂದ ಸಾಧ್ಯವಾಯಿತು. ಮೂತ್ರಪಿಂಡಗಳು ಪೂರ್ತಿ ವಿಫಲವಾದವರು ಮೊದಲ ಬಾರಿಗೆ ಬದುಕಿ ಉಳಿಯುವ ಅವಕಾಶ ಪಡೆದರು. ಆದರೆ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು, ರೋಗಿಗಳು ಅದಕ್ಕಿಂತ ಎಷ್ಟೋ ಹೆಚ್ಚು ಇದ್ದರು. ವೈದ್ಯರು ಮೊದಲು ವೈದ್ಯಕೀಯ ದೃಷ್ಟಿಯಿಂದ ಅರ್ಹರಾದವರನ್ನು ಸೋಸಿದರು, ಆಮೇಲಿನ ಆಯ್ಕೆಯನ್ನು ಏಳು ಮಂದಿಯ ಒಂದು ಸಮಿತಿಗೆ ಬಿಟ್ಟರು. ಅದರಲ್ಲಿ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕರ್, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ನಾಯಕ ಮತ್ತು ಒಬ್ಬ ಶಸ್ತ್ರವೈದ್ಯ ಇದ್ದರು. ಅವರ ಹೆಸರುಗಳನ್ನು ಗುಟ್ಟಾಗಿಡಲಾಗಿತ್ತು.

ಈ ಸಮಿತಿಯ ಕೆಲಸ 1962ರಲ್ಲಿ ಲೈಫ್ ಪತ್ರಿಕೆಯ ವರದಿಯೊಂದರಿಂದ ಜಗತ್ತಿಗೆ ತಿಳಿಯಿತು. ರೋಗಿಗೆ ಮದುವೆಯಾಗಿದೆಯೇ, ಎಷ್ಟು ಮಕ್ಕಳಿದ್ದಾರೆ, ಆದಾಯವೆಷ್ಟು, ಉದ್ಯೋಗವೇನು, ಎಷ್ಟು ಓದಿದ್ದಾರೆ, ಚರ್ಚಿಗೆ ಹೋಗುತ್ತಾರೆಯೇ, ಸಮಾಜಕ್ಕೆ ಮುಂದೆ ಏನು ಕೊಡಬಲ್ಲರು ಎಂಬ ಸಂಗತಿಗಳನ್ನು ಅವರು ತೂಗಿ ನೋಡುತ್ತಿದ್ದರು. ಆ ಏಳು ಮಂದಿ ಕೆಟ್ಟವರಾಗಿರಲಿಲ್ಲ. ಸಂಬಳವಿಲ್ಲದೆ, ಮನಸ್ಸಿಗೆ ಅತ್ಯಂತ ಭಾರವಾದ ಕೆಲಸವನ್ನು ಹೊತ್ತವರು ಅವರು. ಆದರೆ ಅವರ ಕೈಗೆ ಯಾವ ಮಾನದಂಡವನ್ನೂ ಕೊಟ್ಟಿರಲಿಲ್ಲ, ನಿರ್ಧಾರದ ಕಾರಣವನ್ನು ಹೊರಗೆ ಹೇಳಬೇಕೆಂಬ ನಿಯಮವಿರಲಿಲ್ಲ, ತಿರಸ್ಕೃತನಾದವನಿಗೆ ಮೇಲ್ಮನವಿಯ ದಾರಿಯಿರಲಿಲ್ಲ. ಇಂಥ ಪರಿಸ್ಥಿತಿಯಲ್ಲಿ ಮನುಷ್ಯರು ತಮ್ಮಂಥವರನ್ನೇ ಆರಿಸುತ್ತಾರೆ. ಒಂಟಿಯಾಗಿ ಬಾಳುವವನು, ಕೆಲಸ ಕಳೆದುಕೊಂಡವನು, ನೆರೆಹೊರೆಯವರಿಗೆ ವಿಚಿತ್ರವಾಗಿ ಕಾಣುವವನು ಆ ಮೇಜಿನ ಮುಂದೆ ಹಿಂದೆ ಬೀಳುವುದು ಬಹುತೇಕ ಖಚಿತವಾಗಿತ್ತು. ಹತ್ತು ವರ್ಷಗಳ ನಂತರ, 1972ರಲ್ಲಿ, ಮೂತ್ರಪಿಂಡ ವೈಫಲ್ಯದ ಚಿಕಿತ್ಸೆಯ ವೆಚ್ಚವನ್ನು ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಯೋಜನೆಯಡಿ ಭರಿಸುವ ಕಾನೂನನ್ನು ಅಮೆರಿಕದ ಸಂಸತ್ತು ಅಂಗೀಕರಿಸಿತು. ಅಲ್ಲಿಗೆ ಡಯಾಲಿಸಿಸ್ ಯಂತ್ರಗಳ ಮಟ್ಟಿಗೆ ಅಂಥ ಸಮಿತಿಗಳ ಅಗತ್ಯ ಬಹುಮಟ್ಟಿಗೆ ಇಲ್ಲವಾಯಿತು. ಉಳಿದ ರೋಗಗಳ ಮಟ್ಟಿಗೆ ಪ್ರಶ್ನೆ ಹಾಗೆಯೇ ಉಳಿಯಿತು.

ಅಮೆರಿಕದ ಒರೆಗನ್ ರಾಜ್ಯದ ಪ್ರಯತ್ನ ಇದಕ್ಕಿಂತ ಹೆಚ್ಚು ವ್ಯವಸ್ಥಿತವಾದದ್ದು, ಮತ್ತು ಜನಾಭಿಪ್ರಾಯದ ದೃಷ್ಟಿಯಿಂದ ಹೆಚ್ಚು ಪಾಠಗಳುಳ್ಳದ್ದು. 1987ರಲ್ಲಿ ಅಲ್ಲಿನ ಶಾಸನಸಭೆ ಬಡವರ ಆರೋಗ್ಯ ಯೋಜನೆಯಲ್ಲಿ ಅಂಗಾಂಗ ಕಸಿಗೆ ಹಣ ಕೊಡುವುದನ್ನು ನಿಲ್ಲಿಸಿತು. ರಕ್ತದ ಕ್ಯಾನ್ಸರ್ ಇದ್ದ ಏಳು ವರ್ಷದ ಒಬ್ಬ ಹುಡುಗ, ಅಸ್ಥಿಮಜ್ಜೆಯ ಕಸಿಗಾಗಿ ಅವನ ಕುಟುಂಬ ಹಣ ಕೂಡಿಸುತ್ತಿರುವಾಗಲೇ ತೀರಿಕೊಂಡ. ಜನರ ಆಕ್ರೋಶ ದೊಡ್ಡದಾಗಿತ್ತು. ಸ್ವತಃ ವೈದ್ಯರಾಗಿದ್ದ, ಆಗ ರಾಜ್ಯ ಸೆನೆಟ್‌ನ ಅಧ್ಯಕ್ಷರಾಗಿದ್ದ ಜಾನ್ ಕಿಟ್ಜ್‌ಹೇಬರ್ ಅವರು ಈ ಬಿಕ್ಕಟ್ಟಿನಿಂದ ಒಂದು ಹೊಸ ವಿಚಾರಕ್ಕೆ ಬಂದರು. ಕೆಲವು ಬಡವರಿಗೆ ಎಲ್ಲವನ್ನೂ ಕೊಟ್ಟು ಉಳಿದವರಿಗೆ ಏನೂ ಇಲ್ಲದಂತೆ ಮಾಡುವ ಬದಲು, ಎಲ್ಲ ಬಡವರನ್ನೂ ಯೋಜನೆಯೊಳಗೆ ತಂದು, ಯಾವ ಚಿಕಿತ್ಸೆಗಳಿಗೆ ಹಣ ಕೊಡಬೇಕೆಂಬುದನ್ನು ಬಹಿರಂಗವಾಗಿ ಶ್ರೇಣೀಕರಿಸಬೇಕು ಎಂಬುದು ಆ ವಿಚಾರ. 1989ರ ಕಾನೂನು ಇದಕ್ಕಾಗಿ ಒಂದು ಆಯೋಗವನ್ನು ರಚಿಸಿತು. ಆಯೋಗ ರಾಜ್ಯದಾದ್ಯಂತ ಜನರ ಸಭೆಗಳನ್ನು ಏರ್ಪಡಿಸಿತು, ದೂರವಾಣಿಯ ಮೂಲಕ ಸುಮಾರು ಸಾವಿರ ಜನರ ಸಮೀಕ್ಷೆ ನಡೆಸಿ, ಬೇರೆ ಬೇರೆ ರೋಗಸ್ಥಿತಿಗಳಲ್ಲಿ ಬದುಕುವುದು ಎಷ್ಟು ಕಷ್ಟ ಎಂಬುದಕ್ಕೆ ಅಂಕ ಕೊಡಿಸಿತು.

1990ರಲ್ಲಿ ಮೊದಲ ಪಟ್ಟಿ ಹೊರಬಂದಾಗ ಎಲ್ಲರೂ ದಿಗ್ಭ್ರಮೆಗೊಂಡರು. ವೆಚ್ಚಕ್ಕೆ ತಕ್ಕ ಪ್ರಯೋಜನದ ಲೆಕ್ಕದಲ್ಲಿ ಹಲ್ಲಿಗೆ ಕ್ಯಾಪ್ ಹಾಕುವ ಚಿಕಿತ್ಸೆಯು ಗರ್ಭಕೋಶದ ಹೊರಗೆ ಬೆಳೆದ ಗರ್ಭದ ಶಸ್ತ್ರಚಿಕಿತ್ಸೆಗಿಂತ ಮೇಲೆ ಬಂದಿತ್ತು. ಎರಡನೆಯದು ಮಾಡದಿದ್ದರೆ ತಾಯಿ ಸಾಯಬಹುದು, ಮೊದಲನೆಯದು ಮಾಡದಿದ್ದರೆ ಹಲ್ಲು ನೋಯುತ್ತದೆ. ಲೆಕ್ಕದಲ್ಲಿ ಕೂಡಿಸುವ ತಪ್ಪಾಗಿರಲಿಲ್ಲ ಎಂದೇ ವಾದಿಸಬಹುದು, ಏಕೆಂದರೆ ಒಂದು ಶಸ್ತ್ರಚಿಕಿತ್ಸೆಯ ಹಣದಲ್ಲಿ ಎಷ್ಟೋ ಹಲ್ಲುಗಳನ್ನು ಉಳಿಸಬಹುದು, ಆ ಸಣ್ಣ ಸಣ್ಣ ಪ್ರಯೋಜನಗಳನ್ನೆಲ್ಲ ಒಟ್ಟುಗೂಡಿಸಿದರೆ ಮೊತ್ತ ದೊಡ್ಡದೇ ಆಗುತ್ತದೆ. ಆದರೆ ಹೀಗೆ ಒಟ್ಟುಗೂಡಿಸುವುದನ್ನೇ ಜನ ಒಪ್ಪುವುದಿಲ್ಲ. ಸಾವಿರ ಜನರ ಹಲ್ಲುನೋವು ಸೇರಿ ಒಬ್ಬಳ ಸಾವಿಗೆ ಸಮನಾಗುವುದಿಲ್ಲ ಎಂಬ ತಿಳಿವಳಿಕೆ ಯಾವ ಸೂತ್ರಕ್ಕೂ ಮೊದಲೇ ಮನುಷ್ಯರಲ್ಲಿದೆ. ಆಯೋಗ ಆ ಪಟ್ಟಿಯನ್ನು ಕೈಬಿಟ್ಟು, ಜೀವ ಉಳಿಸುವ ಚಿಕಿತ್ಸೆಗಳು ಮೇಲೆ ಬರುವಂತೆ ವಿಧಾನವನ್ನೇ ಬದಲಿಸಿತು. ನಾನು ಇದನ್ನು ಆಯೋಗದ ಸೋಲೆಂದು ನೋಡುವುದಿಲ್ಲ. ತಜ್ಞರ ಲೆಕ್ಕ ಕಾಣದೇ ಹೋದದ್ದನ್ನು ಜನರ ಮನಸ್ಸು ಕಂಡ ಸಂದರ್ಭ ಅದು.

ಆದರೆ ಅದೇ ಒರೆಗನ್‌ನಲ್ಲಿ ಜನಾಭಿಪ್ರಾಯ ಎಡವಿದ್ದೂ ಉಂಟು, ಅದನ್ನು ಮುಚ್ಚಿಟ್ಟು ಮುಂದೆ ಹೋಗಲಾಗದು. ಸಭೆಗಳಿಗೆ ಬಂದವರಲ್ಲಿ ಹೆಚ್ಚಿನವರು ಆರೋಗ್ಯ ಕ್ಷೇತ್ರದಲ್ಲೇ ಕೆಲಸ ಮಾಡುವವರು, ಓದಿದವರು, ವಿಮೆ ಉಳ್ಳವರು. ಯಾರ ಚಿಕಿತ್ಸೆಯ ಬಗ್ಗೆ ಪಟ್ಟಿ ತಯಾರಾಗುತ್ತಿತ್ತೋ ಆ ಬಡವರು ಬಂದದ್ದು ಕಡಿಮೆ. ಇನ್ನು ದೂರವಾಣಿ ಸಮೀಕ್ಷೆಯಲ್ಲಿ ಆರೋಗ್ಯವಂತರು ಅಂಗವೈಕಲ್ಯದ ಬದುಕನ್ನು ಊಹಿಸಿ ಅಂಕ ಕೊಟ್ಟಿದ್ದರು. 1992ರಲ್ಲಿ ಕೇಂದ್ರ ಸರ್ಕಾರ ಒರೆಗನ್‌ನ ಪ್ರಸ್ತಾವವನ್ನು ತಿರಸ್ಕರಿಸಲು ಕೊಟ್ಟ ಮುಖ್ಯ ಕಾರಣ ಇದೇ: ಅಂಗವಿಕಲರ ಬದುಕು ಕಡಿಮೆ ಬೆಲೆಯದು ಎಂಬ ಪೂರ್ವಗ್ರಹವನ್ನು ಈ ಅಂಕಗಳು ಪಟ್ಟಿಯೊಳಗೆ ತಂದಿವೆ, ಅದು ಅಂಗವಿಕಲರ ಹಕ್ಕುಗಳ ಕಾನೂನಿಗೆ ವಿರುದ್ಧ. ತಿದ್ದುಪಡಿಗಳ ನಂತರ 1993ರಲ್ಲಿ ಒಪ್ಪಿಗೆ ಸಿಕ್ಕಿ, 1994ರ ಫೆಬ್ರವರಿಯಲ್ಲಿ ಯೋಜನೆ ಜಾರಿಗೆ ಬಂದಿತು. ಗಾಲಿಕುರ್ಚಿಯಲ್ಲಿ ಬದುಕುವವರನ್ನೇ ಅವರ ಬದುಕಿನ ಗುಣಮಟ್ಟದ ಬಗ್ಗೆ ಕೇಳಿದಾಗ ಅವರಲ್ಲಿ ಅನೇಕರು, ನಡೆದಾಡುವವರು ಊಹಿಸಿದ್ದಕ್ಕಿಂತ ಬಹಳ ಹೆಚ್ಚಿನ ಅಂಕ ಕೊಡುತ್ತಾರೆ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಹಾಗಿದ್ದಮೇಲೆ ಜನಾಭಿಪ್ರಾಯ ಎನ್ನುವಾಗ ಯಾವ ಜನ ಎಂಬುದು ಮೊದಲು ಇತ್ಯರ್ಥವಾಗಬೇಕು.

ಸಮೀಕ್ಷೆಗಳಲ್ಲಿ ಬರುವ ಉತ್ತರಗಳ ಸ್ವಭಾವವನ್ನೂ ನೋಡಬೇಕು. ಬ್ರಿಟನ್ನಿನಲ್ಲಿ ಎರಡು ಸಾವಿರ ವಯಸ್ಕರ ನಡುವೆ ನಡೆದು 1996ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಜೀವಕ್ಕೆ ಅಪಾಯವಿರುವ ಮಕ್ಕಳ ಚಿಕಿತ್ಸೆಗೆ ಜನರು ಅತ್ಯಂತ ಮೇಲಿನ ಸ್ಥಾನ ಕೊಟ್ಟರು. 75 ದಾಟಿದವರ ಅಂಥದೇ ಚಿಕಿತ್ಸೆಗೆ ಕೊಟ್ಟದ್ದು ಅತ್ಯಂತ ಕೆಳಗಿನ ಸ್ಥಾನ. ಸಿಗರೇಟು, ಕುಡಿತದಿಂದ ರೋಗವನ್ನು ತಾವೇ ತಂದುಕೊಂಡವರು ಹಿಂದೆ ನಿಲ್ಲಲಿ ಎಂದವರೂ ಬಹಳ ಮಂದಿ ಇದ್ದರು. ಇದನ್ನು ಎಣಿಸಿ ನೀತಿ ಮಾಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗೆ ಕಳವಳವಾಗುತ್ತದೆ. ಏಕೆಂದರೆ ಮೂರು ವರ್ಷಗಳ ನಂತರ, 1999ರಲ್ಲಿ, ಅರ್ಥಶಾಸ್ತ್ರಜ್ಞ ಪಾಲ್ ಡೋಲನ್ ಮತ್ತು ಸಹೋದ್ಯೋಗಿಗಳು ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್‌ನಲ್ಲಿ ನಡೆಸಿದ ಅಧ್ಯಯನ ಬೇರೆಯೇ ಚಿತ್ರವನ್ನು ಕೊಟ್ಟಿತು. ಅವರು ಅರವತ್ತು ಜನರನ್ನು ಸಣ್ಣ ಸಣ್ಣ ಗುಂಪುಗಳಾಗಿ ಕೂರಿಸಿ, ಎರಡು ಬಾರಿ ಸೇರಿಸಿ ಚರ್ಚೆ ಮಾಡಿಸಿದರು. ಆರಂಭದಲ್ಲಿ ಅರ್ಧದಷ್ಟು ಮಂದಿ ಧೂಮಪಾನಿಗಳಿಗೂ ಕುಡುಕರಿಗೂ ಮಾದಕವಸ್ತು ಸೇವಿಸುವವರಿಗೂ ಕಡಿಮೆ ಆದ್ಯತೆ ಸಾಕು ಎಂದಿದ್ದರು. ಚರ್ಚೆ ಮುಗಿಯುವ ಹೊತ್ತಿಗೆ ಅವರಲ್ಲಿ ಅನೇಕರು ಆ ನಿಲುವನ್ನು ಬಿಟ್ಟಿದ್ದರು.

ಏನು ಬದಲಾಯಿತು? ಇಂಥ ಚರ್ಚೆಗಳಲ್ಲಿ ಸಾಮಾನ್ಯವಾಗಿ ಮುಂದೆ ಬರುವ ಮಾತುಗಳನ್ನು ಬಲ್ಲವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಚಟ ಹತ್ತಿದ ವಯಸ್ಸು ಯಾವುದು, ಆಗ ಅವನ ಸುತ್ತ ಯಾರಿದ್ದರು, ವೇಗವಾಗಿ ಗಾಡಿ ಓಡಿಸಿ ಕಾಲು ಮುರಿದುಕೊಂಡವನನ್ನು ಏಕೆ ಯಾರೂ ಹೀಗೆ ಕೇಳುವುದಿಲ್ಲ, ಕೂತಲ್ಲೇ ಕೂತು ಸಕ್ಕರೆ ಕಾಯಿಲೆ ತಂದುಕೊಂಡವನ ಕಥೆ ಏನು, ವೈದ್ಯನೊಬ್ಬ ತಪ್ಪು ಹೊರಿಸುವ ನ್ಯಾಯಾಧೀಶನಾಗುವುದು ನಮಗೆ ಬೇಕೇ ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಒಬ್ಬಂಟಿಯಾಗಿ ನಮೂನೆ ತುಂಬುವವನಿಗೆ ಇವು ಹೊಳೆಯುವುದಿಲ್ಲ, ಹೊಳೆದರೂ ಉತ್ತರಿಸಬೇಕಾದ ಒತ್ತಡವಿರುವುದಿಲ್ಲ. ಎದುರಿಗೆ ಕುಳಿತವನ ಅಣ್ಣನೋ ತಾಯಿಯೋ ಆ ಪಟ್ಟಿಯಲ್ಲಿದ್ದಾಗ ಮಾತಿನ ಧಾಟಿಯೇ ಬದಲಾಗುತ್ತದೆ. ಮೊದಲ ಉತ್ತರವೇ ಜನರ ನಿಜವಾದ ಅಭಿಪ್ರಾಯ, ಚರ್ಚೆಯ ನಂತರದ್ದು ಯಾರೋ ತಿದ್ದಿದ ಅಭಿಪ್ರಾಯ ಎಂದು ವಾದಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ತನ್ನ ಸ್ವಂತ ಶಸ್ತ್ರಚಿಕಿತ್ಸೆಯ ಬಗ್ಗೆ ಯಾರೂ ವೈದ್ಯರೊಂದಿಗೆ ಮಾತಾಡದೆ ಅರ್ಧ ನಿಮಿಷದಲ್ಲಿ ತೀರ್ಮಾನಿಸುವುದಿಲ್ಲ. ಪರರ ಚಿಕಿತ್ಸೆಯ ಬಗ್ಗೆ ಮಾತ್ರ ಅರ್ಧ ನಿಮಿಷದ ತೀರ್ಮಾನವೇ ಪ್ರಾಮಾಣಿಕ ಎನ್ನುವುದು ಸರಿಯಲ್ಲ.

ಜನಾಭಿಪ್ರಾಯದ ಹೆಸರಿನಲ್ಲಿ ಕೇಳಿಬರುವ ಇನ್ನೊಂದು ದನಿ ಪತ್ರಿಕೆಗಳದ್ದು. 1995ರಲ್ಲಿ ಇಂಗ್ಲೆಂಡಿನಲ್ಲಿ ರಕ್ತದ ಕ್ಯಾನ್ಸರ್ ಮರುಕಳಿಸಿದ್ದ ಹತ್ತು ವರ್ಷದ ಒಬ್ಬ ಹುಡುಗಿಗೆ 75,000 ಪೌಂಡ್ ವೆಚ್ಚದ ಚಿಕಿತ್ಸೆಯನ್ನು ಸ್ಥಳೀಯ ಆರೋಗ್ಯ ಪ್ರಾಧಿಕಾರ ನಿರಾಕರಿಸಿತು. ಯಶಸ್ಸಿನ ಸಾಧ್ಯತೆ ಬಹಳ ಕಡಿಮೆ, ನೋವು ಹೆಚ್ಚು ಎಂಬುದು ಅದಕ್ಕೆ ಕೊಟ್ಟ ಕಾರಣವಾಗಿತ್ತು. ಮೇಲ್ಮನವಿ ನ್ಯಾಯಾಲಯ ಪ್ರಾಧಿಕಾರದ ಪರವಾಗಿ ನಿಂತಿತು. ದೇಶವೆಲ್ಲ ಕುದಿಯಿತು. ಹೆಸರು ಹೇಳದ ದಾನಿಯೊಬ್ಬರು ಹಣ ಕೊಟ್ಟರು, ಚಿಕಿತ್ಸೆ ನಡೆಯಿತು, ಹುಡುಗಿ ಮರುವರ್ಷ ತೀರಿಕೊಂಡಳು. ಕಣ್ಣೆದುರಿಗೆ ಸಾಯುತ್ತಿರುವವರನ್ನು ಉಳಿಸಬೇಕೆಂಬ ಈ ತುಡಿತವನ್ನು ಅಮೆರಿಕದ ವೈದ್ಯಕೀಯ ನೀತಿಶಾಸ್ತ್ರಜ್ಞ ಆಲ್ಬರ್ಟ್ ಜಾನ್ಸೆನ್ 1986ರಲ್ಲಿ ರಕ್ಷಣೆಯ ನಿಯಮ ಎಂದು ಕರೆದರು. ನಾನು ಅದನ್ನು ಕೀಳಾಗಿ ಕಾಣಲಾರೆ. ಈ ತುಡಿತವಿಲ್ಲದ ಸಮಾಜದಲ್ಲಿ ಕಾಯಿಲೆ ಬೀಳಲು ಭಯವಾಗುತ್ತದೆ. ಆದರೂ ಆ ಹಣ ಎಲ್ಲಿಂದ ಬರುತ್ತದೋ ಅಲ್ಲಿ ಮತ್ತೊಬ್ಬ ರೋಗಿ ಇರುತ್ತಾನೆ, ಅವನ ಮುಖಚಿತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವನನ್ನೂ ಕಣ್ಣೆದುರಿಗೆ ತಂದು ನಿಲ್ಲಿಸುವ ಚರ್ಚೆಯೇ ನ್ಯಾಯವಾದದ್ದು.

ಬ್ರಿಟನ್ನಿನಲ್ಲೇ ಇದರ ಮುಂದಿನ ಅಧ್ಯಾಯವೂ ನಡೆಯಿತು. ಯಾವ ಚಿಕಿತ್ಸೆಗಳಿಗೆ ಸರ್ಕಾರಿ ಆರೋಗ್ಯ ಸೇವೆ ಹಣ ಕೊಡಬೇಕೆಂದು ಹೇಳಲು 1999ರಲ್ಲಿ ಸ್ಥಾಪನೆಯಾದ ನೈಸ್ ಎಂಬ ಸಂಸ್ಥೆ, ಹೊಸ ಔಷಧವೊಂದು ರೋಗಿಗೆ ಉತ್ತಮ ಗುಣಮಟ್ಟದ ಒಂದು ವರ್ಷದ ಆಯುಸ್ಸನ್ನು ಕೊಡಲು ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ, ದೀರ್ಘಕಾಲ 20,000ದಿಂದ 30,000 ಪೌಂಡ್‌ಗಳ ಮಿತಿಯನ್ನು ಅನುಸರಿಸಿತು. 2009ರಲ್ಲಿ, ಬದುಕಿನ ಕೊನೆಯ ತಿಂಗಳುಗಳಲ್ಲಿರುವವರ ಔಷಧಗಳಿಗೆ ಈ ಮಿತಿಯನ್ನು ಸಡಿಲಿಸಲಾಯಿತು. ಆಮೇಲೆ ಇಂಗ್ಲೆಂಡಿನ ಸರ್ಕಾರ ಕ್ಯಾನ್ಸರ್ ಔಷಧಗಳಿಗೆಂದೇ ಪ್ರತ್ಯೇಕ ನಿಧಿಯನ್ನು ತೆರೆಯಿತು. ಎರಡನ್ನೂ ಜನರು ಇದನ್ನೇ ಬಯಸುತ್ತಾರೆ ಎಂಬ ನಂಬಿಕೆಯ ಮೇಲೆ ಸಮರ್ಥಿಸಲಾಗಿತ್ತು. ಆದರೆ 2013ರಲ್ಲಿ ಪ್ರಕಟವಾದ, ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದ ಅಧ್ಯಯನವೊಂದರಲ್ಲಿ, ಕ್ಯಾನ್ಸರ್ ಎಂಬ ಕಾರಣಕ್ಕಾಗಲಿ ಸಾವು ಹತ್ತಿರವಿದೆ ಎಂಬ ಕಾರಣಕ್ಕಾಗಲಿ ವಿಶೇಷ ಆದ್ಯತೆ ಕೊಡುವುದಕ್ಕೆ ಬೆಂಬಲ ಕಾಣಲಿಲ್ಲ. ಜನರು ಬೆಂಬಲಿಸಿದ್ದು ರೋಗದ ತೀವ್ರತೆಗೆ ಹೆಚ್ಚಿನ ತೂಕ ಕೊಡುವುದನ್ನು. 2022ರಲ್ಲಿ ನೈಸ್ ಕೊನೆಗಾಲದ ಆ ವಿನಾಯಿತಿಯನ್ನು ತೆಗೆದು, ತೀವ್ರತೆಯನ್ನೇ ಅಳೆಯುವ ವಿಧಾನಕ್ಕೆ ಬಂದಿತು. ನಾರ್ವೆಯಲ್ಲಿ ದೇವತಾಶಾಸ್ತ್ರಜ್ಞ ಇಂಗೆ ಲೋನಿಂಗ್ ಅವರ ನೇತೃತ್ವದ ಸಮಿತಿ 1987ರಷ್ಟು ಹಿಂದೆಯೇ ತೀವ್ರತೆಯನ್ನು ಮುಂದಿಟ್ಟಿತ್ತು. ಸ್ವೀಡನ್ ಕೂಡ 1990ರ ದಶಕದಲ್ಲಿ ಮಾನವ ಘನತೆ, ಅಗತ್ಯ ಮತ್ತು ಪರಸ್ಪರ ಹೊಣೆ, ಕೊನೆಗೆ ವೆಚ್ಚದ ದಕ್ಷತೆ ಎಂಬ ಕ್ರಮವನ್ನು ಸಂಸತ್ತಿನಲ್ಲಿ ಒಪ್ಪಿಕೊಂಡಿತು.

ನೈಸ್ 2002ರಲ್ಲಿ ಮೂವತ್ತು ಸಾಮಾನ್ಯ ನಾಗರಿಕರ ಒಂದು ಮಂಡಳಿಯನ್ನು ರಚಿಸಿದ್ದು ನನಗೆ ಬಹಳ ಮೆಚ್ಚುಗೆಯಾದ ಪ್ರಯೋಗ. ವೈದ್ಯರಿಗೆ, ಔಷಧ ಕಂಪನಿಯವರಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡು ದಿನಗಟ್ಟಲೆ ಕುಳಿತು, ಸಾಕ್ಷಿಗಳನ್ನು ಕರೆಸಿ ಪ್ರಶ್ನಿಸಿ, ತಮ್ಮ ಒಪ್ಪಿಗೆಯನ್ನೂ ಭಿನ್ನಾಭಿಪ್ರಾಯವನ್ನೂ ವರದಿಯಲ್ಲಿ ಬರೆಯುವುದು ಅವರ ಕೆಲಸವಾಗಿತ್ತು. ವಯಸ್ಸಿನ ಪ್ರಶ್ನೆ ಬಂದಾಗ ಅವರು, ಚಿಕಿತ್ಸೆಯ ಫಲವೋ ಅಪಾಯವೋ ವಯಸ್ಸನ್ನು ಅವಲಂಬಿಸಿದ್ದರೆ ಅದನ್ನು ಪರಿಗಣಿಸಬಹುದು, ಮುದುಕನೆಂಬ ಕಾರಣಕ್ಕೇ ಹಿಂದೆ ತಳ್ಳಬಾರದು ಎಂದರು. ಇದನ್ನು 1996ರ ಸಮೀಕ್ಷೆಯ ಪಕ್ಕದಲ್ಲಿಟ್ಟು ಓದಬೇಕು. ಪ್ರಶ್ನೆಯ ವಿಷಯ ಅದೇ, ದೇಶವೂ ಅದೇ, ಆದರೆ ಕೇಳಿದ ಬಗೆ ಬೇರೆ.

ಇಷ್ಟಾದರೂ ಎಲ್ಲ ಚರ್ಚೆಗಳೂ ಒಮ್ಮತಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ತತ್ವಶಾಸ್ತ್ರಜ್ಞ ನಾರ್ಮನ್ ಡೇನಿಯಲ್ಸ್ ಮತ್ತು ಮನೋವೈದ್ಯ ಜೇಮ್ಸ್ ಸೇಬಿನ್ 1997ರಲ್ಲಿ ಮಂಡಿಸಿದ ವಾದ ಇಲ್ಲಿಂದಲೇ ಶುರುವಾಗುತ್ತದೆ: ನ್ಯಾಯವಾದ ಹಂಚಿಕೆ ಯಾವುದೆಂಬುದರಲ್ಲಿ ವಿವೇಕಿಗಳೂ ಭಿನ್ನಮತ ಹೊಂದಿರುವುದರಿಂದ ಕನಿಷ್ಠ ಪ್ರಕ್ರಿಯೆಯಾದರೂ ನ್ಯಾಯವಾಗಿರಲಿ. ನಿರ್ಧಾರ ಮತ್ತು ಅದರ ಕಾರಣಗಳು ಎಲ್ಲರಿಗೂ ತಿಳಿಯುವಂತಿರಬೇಕು, ಆ ಕಾರಣಗಳು ಸಂಬಂಧಪಟ್ಟವರು ಪ್ರಸ್ತುತವೆಂದು ಒಪ್ಪಬಹುದಾದವಾಗಿರಬೇಕು, ಮೇಲ್ಮನವಿಗೂ ತಿದ್ದುಪಡಿಗೂ ದಾರಿಯಿರಬೇಕು, ಇವೆಲ್ಲ ನಡೆಯುತ್ತಿವೆಯೇ ಎಂದು ನೋಡಿಕೊಳ್ಳುವವರಿರಬೇಕು. ಸಿಯಾಟಲ್‌ನ ಸಮಿತಿಯಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಈ ವಾದದಲ್ಲಿ ನನಗೆ ಕಾಣುವ ಕೊರತೆ ಒಂದೇ, ಮೇಜಿನ ಸುತ್ತ ಯಾರು ಕೂರಬೇಕೆಂಬುದರ ಬಗ್ಗೆ ಅದು ಗಟ್ಟಿಯಾಗಿ ಮಾತಾಡುವುದಿಲ್ಲ. ಕಾರಣಗಳನ್ನು ಪ್ರಕಟಿಸಿದರೆ ಸಾಲದು. ಡಯಾಲಿಸಿಸ್‌ಗಾಗಿ ವಾರಕ್ಕೆ ಮೂರು ದಿನ ಕಳೆಯುವವರು, ಮನೋರೋಗದಿಂದಾಗಿ ಸಭೆಯಲ್ಲಿ ಗಟ್ಟಿಯಾಗಿ ಮಾತಾಡಲಾರದವರು, ದಿನಗೂಲಿ ಬಿಟ್ಟು ಬರಲಾಗದವರು ಕಾರಣಗಳನ್ನು ಕಟ್ಟುವ ಹಂತದಲ್ಲೇ ಇರಬೇಕು, ಅವರು ಕಳೆದುಕೊಳ್ಳುವ ಕೂಲಿಯನ್ನು ಸಂಘಟಕರು ಕಟ್ಟಿಕೊಡಬೇಕು.

ಇದಕ್ಕೆ ಹಣ ಬೇಕು, ಮತ್ತು ಆ ಹಣ ಬರುವುದೂ ಆರೋಗ್ಯದ ಬಜೆಟ್ಟಿನಿಂದಲೇ. ಮೂವತ್ತು ನಾಗರಿಕರನ್ನು ಹಲವು ದಿನ ಕೂರಿಸಿ ಮಾತಾಡಿಸುವ ಖರ್ಚಿನಲ್ಲಿ ಕೆಲವರ ಶಸ್ತ್ರಚಿಕಿತ್ಸೆ ಮಾಡಿಸಬಹುದಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ನಾನು ಆ ಖರ್ಚಿನ ಪರವಾಗಿ ನಿಲ್ಲುತ್ತೇನೆ. ಚಿಕಿತ್ಸೆ ನಿರಾಕರಿಸಲ್ಪಟ್ಟ ರೋಗಿಯೊಬ್ಬ ಏಕೆ ಎಂದು ಕೇಳಿದಾಗ, ಅವನಂಥವರೂ ಕೂತು ಯೋಚಿಸಿದ ಒಂದು ಕಾರಣವನ್ನು ಅವನಿಗೆ ಹೇಳುವಂತಿರಬೇಕು, ಅದು ತಪ್ಪೆಂದು ಅವನಿಗೆ ಅನ್ನಿಸಿದರೆ ಮತ್ತೆ ಆ ಮೇಜಿನ ಮುಂದೆ ತರಲು ಅವನಿಗೆ ದಾರಿಯಿರಬೇಕು.